ಕೆರೆಗೆ ಬಿಡುವ ಗೆಂಡೆ ಮರಿ: ಮೊಟ್ಟೆಯಿಂದ ಬೆರಳುದ್ದದವರೆಗೆ

ಕೆರೆ ಗುತ್ತಿಗೆ ಹಿಡಿದವರು ಲಕ್ಷದ ಲೆಕ್ಕದಲ್ಲೇ ಮಾತಾಡುತ್ತಾರೆ. ಈ ಸಲ ಎರಡು ಲಕ್ಷ ಮರಿ ಬಿಟ್ಟೆವು ಎನ್ನುತ್ತಾರೆ. ಎಷ್ಟುದ್ದದ ಮರಿ ಎಂದು ಕೇಳಿದರೆ, ಒಂದಿಂಚು. ಕೊರವ, ಬಾಳೆ ಮೀನು ಇರುವ ಕೆರೆಗೆ ಒಂದಿಂಚಿನ ಮರಿ ಸುರಿದರೆ ಹೊಟ್ಟೆ ತುಂಬುವುದು ಅವುಗಳದ್ದೇ. ಕೆರೆಯ ಫಸಲು ನಿಲ್ಲುವುದು ಮರಿಯ ಉದ್ದ ಮತ್ತು ಬಿಡುವ ಕಾಲ, ಈ ಎರಡರ ಮೇಲೆ. ನಾಲ್ಕಿಂಚು, ಅಂದರೆ 100 ಮಿಲಿಮೀಟರ್ ಬೆಳೆದ ಮರಿಯನ್ನು ಕೆರೆ ತುಂಬಿದ ಹೊತ್ತಿಗೆ ಸರಿಯಾಗಿ ಕೈಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಒಂದು ಸಂಘವೋ ನಾಲ್ಕಾರು ರೈತರೋ ಕೂಡಿ ಮಾಡಬಹುದಾದ ಅಳತೆಯ ಕೆಲಸ ಇದು.

ಲೆಕ್ಕ ಕೆರೆಯಿಂದ ಹಿಂದಕ್ಕೆ

25 ಎಕರೆ, ಅಂದರೆ ಸುಮಾರು 10 ಹೆಕ್ಟೇರಿನ ಕೆರೆ ಎಂದುಕೊಳ್ಳಿ. ವರ್ಷವಿಡೀ ಅಷ್ಟೂ ನೀರು ನಿಲ್ಲುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಅರ್ಧ, 5 ಹೆಕ್ಟೇರ್ ಮಾತ್ರ ಹಿಡಿಯಿರಿ. ಹೆಕ್ಟೇರಿಗೆ 3,000 ಬಲಿತ ಮರಿಯಂತೆ 15,000 ಬೇಕು. ಒಂದಿಂಚಿನಿಂದ ನಾಲ್ಕಿಂಚಿಗೆ ಬರುವಾಗ ನೂರಕ್ಕೆ 70 ಉಳಿದರೆ ಒಳ್ಳೆಯ ಸಾಕಣೆ. ಅಲ್ಲಿಗೆ ಒಂದಿಂಚಿನವು ಸುಮಾರು 21,500 ಇರಬೇಕು. ಮೊಟ್ಟೆಯೊಡೆದ ಮರಿ, ರೂಢಿಯಲ್ಲಿ ಸ್ಪಾನ್ ಎನ್ನುವುದು, ಒಂದಿಂಚಾಗುವಷ್ಟರಲ್ಲಿ ಅರ್ಧ ಸಾಯುತ್ತದೆ. ಆದ್ದರಿಂದ 43,000 ಸ್ಪಾನ್. ಇಷ್ಟಕ್ಕೆ ಸ್ಪಾನನ್ನು ಒಂದಿಂಚಿಗೆ ತರುವ ಒಂದರಿಂದ ಒಂದೂವರೆ ಗುಂಟೆ ನರ್ಸರಿ ಕೊಳ ಮತ್ತು ಅಲ್ಲಿಂದ ನಾಲ್ಕಿಂಚಿಗೆ ಬೆಳೆಸುವ ಹತ್ತು ಗುಂಟೆಯ ಸಾಕಣೆ ಕೊಳ ಸಾಕು. ಹಲವರು ಇದನ್ನು ತಲೆಕೆಳಗು ಮಾಡಿ, ದೊಡ್ಡ ನರ್ಸರಿ ತೋಡಿ, ಮರಿ ತಿನ್ನುವ ನೀರುಹುಳ ಹಿಡಿಯಲಾಗದೆ ಸೋಲುತ್ತಾರೆ.

ಇನ್ನು ಕಾಲ. ಬಯಲುಸೀಮೆಯ ಕೆರೆಗಳು ಸೆಪ್ಟೆಂಬರ್, ಅಕ್ಟೋಬರಿಗೆ ತುಂಬಿ ಏಪ್ರಿಲ್, ಮೇ ಹೊತ್ತಿಗೆ ತಳ ಕಾಣುತ್ತವೆ. ಸಿಗುವುದು ಆರೇಳು ತಿಂಗಳು. ಆ ಅವಧಿಯಲ್ಲಿ ಎರಡು ತಿಂಗಳನ್ನು ಮರಿ ಬಲಿಯುವುದಕ್ಕೇ ಕಳೆದರೆ ಮೀನು ತೂಕಕ್ಕೆ ಬರುವ ಮೊದಲೇ ನೀರು ಮುಗಿದಿರುತ್ತದೆ. ಸೆಪ್ಟೆಂಬರ್ ಕೊನೆಗೆ ನಾಲ್ಕಿಂಚಿನ ಮರಿ ಬೇಕೆಂದರೆ ಮೊಟ್ಟೆ ಇಡಿಸುವ ಕೆಲಸ ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಆಗಬೇಕು.

ಯಾವ ಗೆಂಡೆ

ಕೆರೆಗೆ ಕಾಟ್ಲಾ 40, ರೋಹು 30, ಉಳಿದ 30 ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಎಂಬ ಪಾಲು ಚೆನ್ನಾಗಿ ಹೊಂದುತ್ತದೆ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಕೊನೆಯವೆರಡು ತಳದಲ್ಲಿ ಮೇಯುತ್ತವೆ. ಮನೆಯ ಮಟ್ಟದಲ್ಲಿ ಮೊಟ್ಟೆ ಇಡಿಸಲು ಸಾಧ್ಯವಾಗುವುದು ಸಾಮಾನ್ಯ ಗೆಂಡೆಗೆ ಮಾತ್ರ. ಅದು ನಿಂತ ನೀರಿನಲ್ಲಿ, ಚುಚ್ಚುಮದ್ದಿಲ್ಲದೆ, ಗಿಡದ ಬೇರಿಗೆ ಮೊಟ್ಟೆ ಅಂಟಿಸುತ್ತದೆ.

ಇಲ್ಲಿ ತಳಿ ನೋಡಿಯೇ ತೆಗೆದುಕೊಳ್ಳಿ. ನಮ್ಮಲ್ಲಿ ಬಹುಕಾಲದಿಂದ ಇರುವ ಸಾಮಾನ್ಯ ಗೆಂಡೆ ಆರು ತಿಂಗಳೊಳಗೇ ಬಲಿತು ಮೊಟ್ಟೆಗೆ ಬರುತ್ತದೆ. ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ಬೆಳೆಯುವುದಿಲ್ಲ, ಬೇಡದ ಮರಿಗಳಿಂದ ಕೊಳವೂ ಕಿಕ್ಕಿರಿಯುತ್ತದೆ. ಹಂಗೇರಿಯಿಂದ ತರಿಸಿ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದ ಅಮೂರ್ ತಳಿ ತಡವಾಗಿ ಬಲಿಯುತ್ತದೆ, ಬೇಗ ತೂಕಕ್ಕೆ ಬರುತ್ತದೆ. ತಾಯಿ ಮೀನು ಕೊಳ್ಳುವಾಗ ಅಮೂರ್ ಎಂದೇ ಕೇಳಿ. ಗಂಡನ್ನು ಒಂದು ಕಡೆಯಿಂದ, ಹೆಣ್ಣನ್ನು ಇನ್ನೊಂದು ಕಡೆಯಿಂದ ತನ್ನಿ. ಒಂದೇ ತಾಯಿಯ ಮಕ್ಕಳನ್ನು ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ನಾಲ್ಕೈದು ಪೀಳಿಗೆಯಲ್ಲಿ ಅಮೂರ್ ಆದರೂ ಅಷ್ಟೇ, ಬೆಳವಣಿಗೆ ಕುಗ್ಗುತ್ತದೆ.

ತಾಯಿ ಮೀನಿನ ತಯಾರಿ

ಒಂದರಿಂದ ಎರಡು ಕಿಲೋ ತೂಗುವ ಆರೋಗ್ಯವಂತ ಮೀನು ಸರಿ. ಮೊಟ್ಟೆ ಇಡಿಸುವುದಕ್ಕೆ ಮೂರ್ನಾಲ್ಕು ವಾರ ಮೊದಲೇ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೊಳದಲ್ಲಿಡಿ. ಒಟ್ಟಿಗೇ ಬಿಟ್ಟರೆ ಒಂದು ಮಳೆ ಬಿದ್ದ ರಾತ್ರಿ ಕೊಳದ ಅಂಚಿನ ಹುಲ್ಲಿಗೆ ಮೊಟ್ಟೆ ಇಟ್ಟು ಮುಗಿಸಿರುತ್ತವೆ, ನಿಮಗೆ ಸಿಗುವುದು ಬತ್ತಿದ ಹೊಟ್ಟೆಯ ಹೆಣ್ಣು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮ ಬೆರೆಸಿ ಮೀನಿನ ತೂಕದ ನೂರಕ್ಕೆ ಎರಡರಷ್ಟು ದಿನವೂ ಕೊಡಿ. ಹೆಚ್ಚು ಕೊಟ್ಟರೆ ಮೊಟ್ಟೆಯ ಬದಲು ಕೊಬ್ಬು ಕಟ್ಟುತ್ತದೆ.

ಹದಕ್ಕೆ ಬಂದದ್ದನ್ನು ಕೈಯಿಂದಲೇ ತಿಳಿಯಬೇಕು. ಹೆಣ್ಣನ್ನು ಒದ್ದೆ ಬಟ್ಟೆಯಲ್ಲಿ ಅಂಗಾತ ಹಿಡಿದು ಹೊಟ್ಟೆಯನ್ನು ಬೆರಳಿನಿಂದ ಒತ್ತಿ. ಎದೆಯಿಂದ ಗುದದವರೆಗೂ ಮೆತ್ತಗಿದ್ದು, ಗುದದ್ವಾರ ಉಬ್ಬಿ ಕೆಂಪಾಗಿದ್ದರೆ ಹದ. ಮುಂಭಾಗ ಮಾತ್ರ ಉಬ್ಬಿ ಹಿಂದೆ ಗಟ್ಟಿಯಾಗಿದ್ದರೆ ಅದು ತಿಂದ ಹೊಟ್ಟೆ. ಗಂಡಿನ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ವೀರ್ಯ ಜಿನುಗಬೇಕು. ಅದು ನೀರಿಗೆ ಬಿದ್ದ ಕೂಡಲೇ ಹರಡಿ ಕರಗಬೇಕು, ದಾರದಂತೆ ಎಳೆಯಾಗಿ ನಿಂತರೆ ಇನ್ನೂ ಬಲಿತಿಲ್ಲ. ಗಂಡಿನ ಎದೆರೆಕ್ಕೆ ಮುಟ್ಟಿದರೆ ಒರಟು, ಹೆಣ್ಣಿನದು ನುಣುಪು.

ಹಾಪದಲ್ಲಿ ಮೊಟ್ಟೆ ಇಡಿಸುವುದು

ಹಾಪ ಎಂದರೆ ನೀರಿನಲ್ಲಿ ನಾಲ್ಕು ಗಳಕ್ಕೆ ಕಟ್ಟುವ ಬಟ್ಟೆ ಅಥವಾ ಬಲೆಯ ತೊಟ್ಟಿ. ಮೊಟ್ಟೆ ಇಡಿಸಲು 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ್ದು ಸಾಕು. ಅಂಚು ನೀರಿನಿಂದ ಒಂದಡಿ ಮೇಲಿರಲಿ, ಮೇಲೆ ಬಲೆ ಮುಚ್ಚಿ. ಒಂದು ಹೆಣ್ಣಿಗೆ ಎರಡು ಗಂಡು. ತೂಕದಲ್ಲಿ ಎರಡು ಗಂಡೂ ಸೇರಿ ಹೆಣ್ಣಿಗೆ ಸಮನಾಗಿರಬೇಕು.

ಮೊಟ್ಟೆ ಅಂಟಲು ಬೇರು ಬೇಕು. ಅಂತರಗಂಗೆ ಅಥವಾ ಹೈಡ್ರಿಲ್ಲಾ, ಹೆಣ್ಣಿನ ಪ್ರತಿ ಕಿಲೋ ತೂಕಕ್ಕೆ ಎರಡು ಕಿಲೋ ಗಿಡ. ಕೆರೆಯಿಂದ ತಂದದ್ದನ್ನು ಹಾಗೇ ಹಾಕಬೇಡಿ, ಬೇರಿನಲ್ಲಿ ಬಸವನಹುಳು, ಕೊಡತಿಹುಳದ ಮರಿ, ಬೇರೆ ಮೀನಿನ ಮೊಟ್ಟೆ ಎಲ್ಲವೂ ಇರುತ್ತವೆ. ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆಯಿರಿ. ಗಿಡ ಸಿಗದಿದ್ದರೆ ಪ್ಲಾಸ್ಟಿಕ್ ಹಗ್ಗದ ಎಳೆ ಬಿಚ್ಚಿ ಕುಚ್ಚು ಕಟ್ಟಿ ತೇಲಿಬಿಟ್ಟರೂ ನಡೆಯುತ್ತದೆ, ಮರುವರ್ಷಕ್ಕೂ ಬರುತ್ತದೆ.

ಸಂಜೆ ಮೀನು ಬಿಡಿ. ನೀರಿನ ಬಿಸಿ 22ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರೆಂಟು ಗಂಟೆಯಲ್ಲಿ, ಹೆಚ್ಚಾಗಿ ಬೆಳಗಿನ ಜಾವ, ನೀರು ಚಿಮ್ಮುವ ಸದ್ದು ಕೇಳಿಸುತ್ತದೆ. ಬೆಳಕು ಹರಿದ ಕೂಡಲೇ ದೊಡ್ಡ ಮೀನನ್ನು ತೆಗೆದುಬಿಡಿ, ಇಲ್ಲದಿದ್ದರೆ ಇಟ್ಟ ಮೊಟ್ಟೆಯನ್ನು ಅವೇ ತಿನ್ನುತ್ತವೆ. ಕಿಲೋ ತೂಕದ ಹೆಣ್ಣು ಒಂದು ಲಕ್ಷದಿಂದ ಒಂದೂವರೆ ಲಕ್ಷ ಮೊಟ್ಟೆ ಇಡುತ್ತದೆ. ಎರಡು ರಾತ್ರಿ ಕಳೆದರೂ ಇಡದಿದ್ದರೆ ಹಾಪದಲ್ಲೇ ಉಳಿಸಿ ಸತಾಯಿಸಬೇಡಿ, ಮತ್ತೆ ಬೇರ್ಪಡಿಸಿ ವಾರ ಬಿಟ್ಟು ನೋಡಿ.

ಒಂದು ಬೇರಿನ ಎಳೆ ಕಿತ್ತು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೂರು ಮೊಟ್ಟೆ ಎಣಿಸಿ. ಗರ್ಭಕಟ್ಟಿದ್ದು ತಿಳಿಹಳದಿಯಾಗಿ, ಗಾಜಿನ ಮಣಿಯಂತೆ ಪಾರದರ್ಶಕ. ಸತ್ತದ್ದು ಸುಣ್ಣದ ಬಿಳಿ. ಬಿಳಿಯವು ನೂರರಲ್ಲಿ ನಲವತ್ತು ದಾಟಿದರೆ ಗಂಡು ಸರಿಯಿರಲಿಲ್ಲ ಅಥವಾ ಹೆಣ್ಣು ಹದ ಮೀರಿತ್ತು. ಸತ್ತ ಮೊಟ್ಟೆಗೆ ಹತ್ತಿಯಂಥ ಬೂಷ್ಟು ಹಿಡಿದು ಪಕ್ಕದ ಜೀವಂತ ಮೊಟ್ಟೆಗೂ ಹರಡುವುದರಿಂದ ಬಿಳಿ ಹೆಚ್ಚಿರುವ ಎಳೆಗಳನ್ನು ಕತ್ತರಿಸಿ ಎಸೆಯಿರಿ.

ಮೊಟ್ಟೆ ಅಂಟಿದ ಗಿಡಗಳನ್ನು ತೆಳುಬಟ್ಟೆಯ ಇನ್ನೊಂದು ಹಾಪಕ್ಕೆ ಸಾಗಿಸಿ. ಒತ್ತೊತ್ತಾಗಿ ತುರುಕಬೇಡಿ, ಒಂದು ಹಾಪಕ್ಕೆ 50,000 ಮೊಟ್ಟೆ ಮಿತಿ. 26ರಿಂದ 28 ಡಿಗ್ರಿಯಲ್ಲಿ ಎರಡು ದಿನಕ್ಕೆ ಮರಿ ಒಡೆಯುತ್ತದೆ, ತಂಪಿದ್ದರೆ ಮೂರು ದಿನ. ಒಡೆದ ಮರಿ ಇನ್ನೂ ಎರಡು ಮೂರು ದಿನ ಬೇರಿಗೇ ಅಂಟಿಕೊಂಡು ಹೊಟ್ಟೆಯ ಹಳದಿ ಚೀಲದ ಆಹಾರದಲ್ಲಿ ಬದುಕುತ್ತದೆ. ಆಗ ಗಿಡ ಅಲುಗಾಡಿಸಬಾರದು. ತಾವಾಗಿ ಈಜಾಡತೊಡಗಿದ ಮೇಲೆ ಗಿಡ ಎತ್ತಿ, ಅವನ್ನು ನರ್ಸರಿಗೆ ಸಾಗಿಸಿ.

ಕಾಟ್ಲಾ, ರೋಹು, ಮೃಗಾಲ್ ಹೇಗೆ

ಇವು ಹುಟ್ಟಾ ನದಿಮೀನು. ಪ್ರವಾಹದ ಹೊಸನೀರು ಬಾರದೆ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುವುದು ಅದಕ್ಕೇ. ಈಗ ಓವಾಪ್ರಿಮ್‌ನಂಥ ಸಿದ್ಧ ಚುಚ್ಚುಮದ್ದು ಬಂದಿದೆ: ಹೆಣ್ಣಿಗೆ ಕಿಲೋಗೆ 0.3ರಿಂದ 0.5 ಮಿಲಿಲೀಟರ್ (ಕಾಟ್ಲಾಗೆ ಹೆಚ್ಚು, ಮೃಗಾಲ್‌ಗೆ ಕಡಿಮೆ), ಗಂಡಿಗೆ 0.1ರಿಂದ 0.2. ಆದರೆ ಸುತ್ತು ನೀರಿನ ದುಂಡು ತೊಟ್ಟಿ, ಎತ್ತರದ ಟ್ಯಾಂಕ್, ನಿಲ್ಲದ ಕರೆಂಟು ಎಲ್ಲ ಬೇಕು. ಒಂದು ಕೆರೆಗಾಗಿ ಅಷ್ಟು ಬಂಡವಾಳ ಹಾಕುವುದು ದಂಡ. ಭದ್ರಾ ಪ್ರಾಜೆಕ್ಟ್, ತುಂಗಭದ್ರಾ ಡ್ಯಾಂ ಬಳಿಯ ಇಲಾಖೆಯ ಮರಿ ಉತ್ಪಾದನಾ ಕೇಂದ್ರಗಳಿಂದ ಸ್ಪಾನ್ ತಂದು ಸಾಕುವುದೇ ಲೇಸು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದಿದೆ: ಕಾಟ್ಲಾ, ರೋಹುಗಳನ್ನು ಒಂದೇ ತೊಟ್ಟಿಯಲ್ಲಿ ಮೊಟ್ಟೆಗೆ ಬಿಟ್ಟಿದ್ದರೇ? ಹಾಗೆ ಬಿಟ್ಟರೆ ಒಂದರ ಮೊಟ್ಟೆಗೆ ಇನ್ನೊಂದರ ವೀರ್ಯ ಸೇರಿ ಬೆರಕೆ ಹುಟ್ಟುತ್ತದೆ. ಸ್ಪಾನ್ ಹಂತದಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎಣಿಕೆಗೆ ಒಂದು ಮಿಲಿಲೀಟರಿಗೆ ಸುಮಾರು 500 ಸ್ಪಾನ್ ಎಂಬ ಲೆಕ್ಕ. ನೀರು ಸೋಸಿದ ಅಳತೆ ಲೋಟದಲ್ಲೇ ಅಳೆಸಿಕೊಳ್ಳಿ.

ನರ್ಸರಿ ಕೊಳ: ಗೆಲ್ಲುವುದೂ ಸೋಲುವುದೂ ಇಲ್ಲೇ

ಸ್ಪಾನ್ ನರ್ಸರಿಯಲ್ಲಿರುವ ಹದಿನೈದು ದಿನದಲ್ಲಿ ಸಾಯುವಷ್ಟು ಮರಿ ಇನ್ಯಾವ ಹಂತದಲ್ಲೂ ಸಾಯುವುದಿಲ್ಲ. ಕೆಳಗಿನ ಪ್ರಮಾಣವೆಲ್ಲ ಒಂದು ಗುಂಟೆ, ಅಂದರೆ 100 ಚದರ ಮೀಟರ್ ಕೊಳಕ್ಕೆ. ಆಳ ಒಂದರಿಂದ ಒಂದೂಕಾಲು ಮೀಟರ್.

ಕೊಳ ಒಣಗಿಸಲು ಬರುವುದಾದರೆ ತಳ ಬಿರುಕು ಬಿಡುವವರೆಗೆ ಒಣಗಿಸಿ. ಇದಕ್ಕಿಂತ ಅಗ್ಗದ ಮದ್ದಿಲ್ಲ. ಒಣಗದ ಕೊಳದಲ್ಲಿ ಕಳೆಮೀನು ಕೊಲ್ಲಲು ಒಂದು ಮೀಟರ್ ನೀರಿಗೆ 25 ಕಿಲೋ ಹಿಪ್ಪೆ ಹಿಂಡಿಯನ್ನು ರಾತ್ರಿ ನೆನೆಸಿ ಎರಚಿ. ವಿಷ ಇಳಿಯಲು ಹದಿನೈದರಿಂದ ಇಪ್ಪತ್ತು ದಿನ ಬೇಕು, ಆಮೇಲೆ ಅದೇ ಗೊಬ್ಬರವಾಗುತ್ತದೆ. ಅವಸರವಿದ್ದರೆ ಮೂರೂವರೆ ಕಿಲೋ ಬ್ಲೀಚಿಂಗ್ ಪೌಡರ್, ವಾರದಲ್ಲಿ ತಿಳಿಯಾಗುತ್ತದೆ. ಹಳೆಯ ಚೀಲದ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಮೂಗಿಗೆ ಘಾಟು ಬಾರದಿದ್ದರೆ ಬೇಡ. ಒಣಗಿಸಿದ ಕೊಳಕ್ಕೆ ಎರಡರಿಂದ ಮೂರು ಕಿಲೋ ಸುಣ್ಣ ಹರಡಿ, ಒಳಬರುವ ನೀರಿಗೆ ದಟ್ಟ ನೇಯ್ಗೆಯ ಬಟ್ಟೆ ಕಟ್ಟಿ ತುಂಬಿಸಿ. ಕಪ್ಪೆ ಹಾರದಂತೆ ಸುತ್ತ ಎರಡಡಿ ನೈಲಾನ್ ಬಲೆ ನಿಲ್ಲಿಸಿ. ಮೇಲೆ ಕಂಡ ಕಪ್ಪೆ ಮೊಟ್ಟೆಯ ಲೋಳೆಸರವನ್ನು ಆಗಾಗ ಎತ್ತಿಹಾಕಿ.

ಗೊಬ್ಬರಕ್ಕೆ ಒಟ್ಟು ಏಳೂವರೆ ಕಿಲೋ ಕಡಲೆಕಾಯಿ ಹಿಂಡಿ, ಎರಡು ಕಿಲೋ ಸಗಣಿ, ಅರ್ಧ ಕಿಲೋ ಸೂಪರ್ ಫಾಸ್ಫೇಟ್. ಇದರ ಅರ್ಧ ಭಾಗವನ್ನು ಹಿಂದಿನ ದಿನ ನೀರಿನಲ್ಲಿ ನೆನೆಸಿ, ಗಟ್ಟಿ ಗಂಜಿಯಂತೆ ಕಲಸಿ, ಮರಿ ಬಿಡುವ ಎರಡು ಮೂರು ದಿನ ಮೊದಲು ಎರಚಿ. ಉಳಿದರ್ಧವನ್ನು ಆಮೇಲೆ ಎರಡು ಮೂರು ಕಂತಿನಲ್ಲಿ ಹಾಕಿ. ಗೊಬ್ಬರ ಮೊದಲು ಬೆಳೆಸುವುದು ಕಣ್ಣಿಗೆ ಕಾಣದ ಸಣ್ಣ ಜೀವಿಗಳನ್ನು, ಸ್ಪಾನ್‌ನ ಬಾಯಿಗೆ ಹಿಡಿಯುವುದು ಅವೇ. ನೀರು ಹಳತಾದಂತೆ ದೊಡ್ಡ ಜೀವಿಗಳೂ ರಾತ್ರಿ ಹಾರಿಬಂದ ನೀರುಹುಳಗಳೂ ತುಂಬುತ್ತವೆ. ಸ್ಪಾನ್ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎನ್ನುತ್ತಾ ಗೊಬ್ಬರ ಹಾಕಿದ ಕೊಳವನ್ನು ಹತ್ತು ದಿನ ಕಾಯಿಸಿದರೆ ಅದು ಹುಳದ ಕೊಳವಾಗುತ್ತದೆ. ಸ್ಪಾನ್ ಬರುವ ದಿನ ಖಚಿತವಾದ ಮೇಲೆಯೇ ಹಿಂಡಿ ನೆನೆಸಿ.

ಆಹಾರ ಸಾಲುವಷ್ಟಿದೆಯೇ ಎಂದು ನೋಡಲು ಕೊಳದ ಬೇರೆ ಬೇರೆ ಕಡೆಯಿಂದ 50 ಲೀಟರ್ ನೀರು ಎತ್ತಿ ಪ್ಲಾಂಕ್ಟನ್ ಬಲೆಯಲ್ಲಿ, ಅಂದರೆ ಸೂಕ್ಷ್ಮ ಜೀವಿ ಹಿಡಿಯುವ ತೀರಾ ಸಣ್ಣ ಕಣ್ಣಿನ ಬಲೆಯಲ್ಲಿ, ಸೋಸಿ, ಉಳಿದದ್ದನ್ನು ಗಾಜಿನ ಕೊಳವೆಗೆ ಸುರಿದು ಚಿಟಿಕೆ ಉಪ್ಪು ಹಾಕಿ. ತಳದಲ್ಲಿ ಒಂದರಿಂದ ಎರಡು ಮಿಲಿಲೀಟರ್ ಕಂದು ಗಸಿ ಕೂತರೆ ಮರಿ ಬಿಡಬಹುದು. ಗಸಿ ಹಸಿರಾಗಿದ್ದರೆ ಅದು ಪಾಚಿ, ಸ್ಪಾನ್‌ಗೆ ಉಪಯೋಗ ಕಡಿಮೆ.

ಮರಿ ಬಿಡುವ ಹಿಂದಿನ ದಿನ ನೀರುಹುಳ ತೆಗೆಯಲೇಬೇಕು. ಬೆನ್ನಡಿಯಾಗಿ ಈಜುವ ಹುಳ, ನೀರುಚೇಳು, ಕೊಡತಿಹುಳದ ಮರಿ ಇವು ಸ್ಪಾನ್ ಹಿಡಿದು ತಿನ್ನುತ್ತವೆ ಇಲ್ಲವೇ ರಸ ಹೀರುತ್ತವೆ. ಅಗ್ಗದ ಅಡುಗೆ ಎಣ್ಣೆ 560 ಗ್ರಾಂ, ಬಟ್ಟೆ ಸೋಪು 180 ಗ್ರಾಂ. ಸೋಪನ್ನು ಬಿಸಿನೀರಲ್ಲಿ ಕರಗಿಸಿ, ಎಣ್ಣೆ ಸುರಿಯುತ್ತಾ ಕಂದು ಬಣ್ಣಕ್ಕೆ ತಿರುಗುವವರೆಗೆ ಕಡೆದು, ಗಾಳಿಯಿಲ್ಲದ ಹೊತ್ತಿನಲ್ಲಿ ಮೇಲೆ ಹರಡಿ. ಹುಳಗಳು ಉಸಿರಾಡಲು ಮೇಲೆ ಬರಲೇಬೇಕು. ಎಣ್ಣೆಯ ಪದರ ಅವುಗಳ ಉಸಿರುರಂಧ್ರ ಮುಚ್ಚುತ್ತದೆ. ಗಾಳಿ ಬೀಸಿದರೆ ಪದರವೆಲ್ಲ ಒಂದು ಮೂಲೆಗೆ ಸರಿದು ಉಳಿದ ಹುಳ ಆರಾಮಾಗಿರುತ್ತವೆ. ಕೊಡತಿಹುಳದ ಮರಿ ಕಿವಿರಿನಿಂದಲೇ ಉಸಿರಾಡುವುದರಿಂದ ಇದಕ್ಕೆ ಸಾಯುವುದಿಲ್ಲ. ಅದನ್ನು ಸಣ್ಣ ಕಣ್ಣಿನ ಬಲೆ ಎಳೆದೇ ತೆಗೆಯಬೇಕು.

ಗುಂಟೆಗೆ 30,000ದಿಂದ 50,000 ಸ್ಪಾನ್. ಮೊದಲ ಸಲವಾದರೆ 30,000 ದಾಟಬೇಡಿ. ಒಂದು ಕೊಳಕ್ಕೆ ಒಂದೇ ಜಾತಿ. ಬಿಟ್ಟ ದಿನದಿಂದಲೇ ಹಿಂಡಿ ಮತ್ತು ತೌಡನ್ನು ಸಮ ಬೆರೆಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ ಕೊಡಿ. ಲಕ್ಷ ಸ್ಪಾನ್‌ಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ 1,200 ಗ್ರಾಂ, ಬೆಳಿಗ್ಗೆ ಸಂಜೆ ಎರಡು ಭಾಗವಾಗಿ. 30,000ಕ್ಕೆ ಇದು 180 ಮತ್ತು 360 ಗ್ರಾಂ ಆಗುತ್ತದೆ, ಹದಿನೈದು ದಿನಕ್ಕೆ ಒಟ್ಟು ನಾಲ್ಕೂವರೆ ಕಿಲೋ. ಮೂರನೇ ದಿನ ಮರಿ ಕಾಣುತ್ತಿಲ್ಲವೆಂದು ಗಾಬರಿಬಿದ್ದು ಮೇವು ನಿಲ್ಲಿಸಬೇಡಿ. ಆ ಗಾತ್ರದ ಮರಿ ಮಣ್ಣುನೀರಿನಲ್ಲಿ ಕಾಣುವುದಿಲ್ಲ. ದುಪ್ಪಟ್ಟು ಸುರಿಯುವುದು ಇನ್ನೂ ಕೆಡುಕು. ಕೊಳೆತ ಹಿಂಡಿ ನೀರಿನ ಆಮ್ಲಜನಕ ತಿಂದು ಹಾಕುತ್ತದೆ, ಬೆಳಗಾಗುವಾಗ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಹಾಗಾದರೆ ಮೇವು, ಗೊಬ್ಬರ ನಿಲ್ಲಿಸಿ ಹೊಸನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡಿ.

ಒಂದಿಂಚಿನಿಂದ ನಾಲ್ಕಿಂಚಿಗೆ

ಹದಿನೈದನೇ ದಿನದ ಹೊತ್ತಿಗೆ ಮರಿ 25 ಮಿಲಿಮೀಟರ್ ಆಗಿರಬೇಕು. ಹಿಂದಿನ ದಿನ ಮೇವು ನಿಲ್ಲಿಸಿ, ತಂಪು ಬೆಳಗಿನಲ್ಲಿ ಎಳೆಬಲೆ ಹಾಕಿ ಹಿಡಿಯಿರಿ. ಹತ್ತು ಗುಂಟೆಯ ಸಾಕಣೆ ಕೊಳಕ್ಕೆ 20,000ದಿಂದ 30,000. ಇಲ್ಲಿ ಜಾತಿ ಬೆರೆಸಬಹುದು, ಬೆರೆಸುವುದೇ ಒಳ್ಳೆಯದು.

ಕೊಳದ ತಯಾರಿ ಅದೇ ರೀತಿ, ಗೊಬ್ಬರ ಮಾತ್ರ ಬೇರೆ: ಮೊದಲಿಗೆ 300ರಿಂದ 400 ಕಿಲೋ ಸಗಣಿ, ಆಮೇಲೆ ಹದಿನೈದು ದಿನಕ್ಕೊಮ್ಮೆ 50 ಕಿಲೋ. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಸುಕಾಗಿ ಕಂಡರೆ ನೀರು ಹದವಾಗಿದೆ. ಮಣಿಕಟ್ಟಿಗೇ ಕಾಣದಾದರೆ ಗೊಬ್ಬರ ನಿಲ್ಲಿಸಿ. ಮೇವು ಮೊದಲ ತಿಂಗಳು ಮರಿಗಳ ಒಟ್ಟು ತೂಕದ ನೂರಕ್ಕೆ 8ರಿಂದ 10, ಆಮೇಲೆ 5ರಿಂದ 6. ಹದಿನೈದು ದಿನಕ್ಕೊಮ್ಮೆ ನೂರು ಮರಿ ಹಿಡಿದು ತೂಗಿ ಲೆಕ್ಕ ತಿದ್ದಿಕೊಳ್ಳಿ. 25,000 ಒಂದಿಂಚಿನ ಮರಿ ಒಟ್ಟಿಗೆ ಆರು ಕಿಲೋ ಸುತ್ತಮುತ್ತ ತೂಗುತ್ತವೆ, ಮೊದಲ ವಾರ ದಿನಕ್ಕೆ ಅರ್ಧ ಕಿಲೋ ಮೇವು ಸಾಕು. ಚೀಲಗಟ್ಟಲೆ ಹಾಕುವುದು ಕೊನೆಯಲ್ಲಿ. ಎರಡರಿಂದ ಎರಡೂವರೆ ತಿಂಗಳಲ್ಲಿ ನಾಲ್ಕಿಂಚು ಬರುತ್ತದೆ.

ಮರಿಗಳು ಮೈ ಉಜ್ಜುತ್ತಾ ನೆಗೆಯುತ್ತಿದ್ದರೆ ಹಿಡಿದು ನೋಡಿ. ಚಪ್ಪಟೆಯಾದ, ಹಸಿರುಮಿಶ್ರಿತ ಚುಕ್ಕೆಯೊಂದು ಚರ್ಮದ ಮೇಲೆ ಸರಿದಾಡಿದರೆ ಅದು ಮೀನು ಹೇನು. ಅದು ಮೊಟ್ಟೆ ಇಡುವುದು ಗಟ್ಟಿ ಮೈಮೇಲೆ, ಆದ್ದರಿಂದ ಕೊಳದಲ್ಲಿ ಬಿದಿರಿನ ಗಳ ನೆಟ್ಟು ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಔಷಧಿ ಬೇಕೆಂದರೆ ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಯನ್ನು ಕೇಳಿಯೇ ಹಾಕಿ. ಹೇನಿಗೆ ಹಾಕುವ ಕೀಟನಾಶಕದ ಅಳತೆ ತಪ್ಪಿದರೆ ಮರಿಯೂ ಉಳಿಯುವುದಿಲ್ಲ.

ಮಳೆ ತಡವಾಗಿ ಕೆರೆ ತುಂಬದಿದ್ದರೆ ಮರಿಯನ್ನು ಅದೇ ಕೊಳದಲ್ಲಿ ಒತ್ತಾಗಿಯೇ ಇಟ್ಟು, ಮೇವನ್ನು ತೂಕದ ನೂರಕ್ಕೆ ಒಂದೆರಡಕ್ಕೆ ಇಳಿಸಿ. ಬೆಳವಣಿಗೆ ಕುಂಠಿತವಾಗಿ ನಿಲ್ಲುತ್ತದೆ, ಮರಿ ಸಾಯುವುದಿಲ್ಲ. ಆಂಧ್ರದ ಮೀನು ಕೃಷಿಕರು ಬೇಕೆಂದೇ ವರ್ಷದಷ್ಟು ಹೀಗೆ ಹಿಡಿದಿಡುತ್ತಾರೆ. ವಿಶಾಲ ನೀರಿಗೆ ಬಿಟ್ಟ ಕೂಡಲೇ ಇಂಥ ಮರಿ ಹಿಂದಿನ ಬಾಕಿಯನ್ನೆಲ್ಲ ತೀರಿಸುವಂತೆ ಬೆಳೆಯುತ್ತದೆ. ಆರು ತಿಂಗಳು ಮಾತ್ರ ನೀರು ನಿಲ್ಲುವ ಕೆರೆಗೆ ಹಿಂದಿನ ವರ್ಷದ ಕುಂಠಿತ ಮರಿಯೇ ಸರಿಯಾದ ಬಿತ್ತನೆ.

ಸಾಗಣೆ

ಸಾಗಿಸುವ ಒಂದು ದಿನ ಮೊದಲು ಮರಿಗಳನ್ನು ಹಿಡಿದು ಹಾಪದಲ್ಲಿ ಮೇವಿಲ್ಲದೆ ಇಡಿ. ಹೊಟ್ಟೆ ಖಾಲಿಯಾಗದ ಮರಿ ಚೀಲದ ನೀರನ್ನು ಎರಡು ಗಂಟೆಯಲ್ಲಿ ಕೆಡಿಸುತ್ತದೆ. ಮೂರು ಭಾಗದಲ್ಲಿ ಒಂದು ನೀರು, ಎರಡು ಆಮ್ಲಜನಕ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಆರೇಳು ಲೀಟರ್ ನೀರಿಗೆ ಒಂದಿಂಚಿನವು 500, ನಾಲ್ಕಿಂಚಿನವು 50. ಹತ್ತಿರದ ಕೆರೆಯಾದರೆ ಚೀಲದ ಖರ್ಚು ಬೇಡ, ಟೆಂಪೋದ ಮೇಲೆ ಸಿಂಟೆಕ್ಸ್ ಟ್ಯಾಂಕ್ ಇಟ್ಟು ಗಾಳಿ ಊದಿಸಿಕೊಂಡು ಹೋಗಬಹುದು.

ಕೆರೆಗೆ ಬಿಡುವಾಗ

ಕೆರೆ ಕೋಡಿ ಬೀಳುತ್ತಿರುವಾಗ ಬಿಡಬೇಡಿ. ಗೆಂಡೆ ಹರಿವ ನೀರಿನತ್ತಲೇ ನುಗ್ಗುತ್ತದೆ, ಕೆಳಗಿನ ಕೆರೆಯವರಿಗೆ ಪುಕ್ಕಟೆ ಬಿತ್ತನೆ. ಕೋಡಿಗೆ ಸಣ್ಣ ಕಣ್ಣಿನ ಬಲೆ ಬಿಗಿಯುವುದೂ ತಪ್ಪು. ಕಸ ಕಟ್ಟಿ ನೀರು ಏರಿಯ ಮೇಲೆ ಒತ್ತುತ್ತದೆ. ಕೋಡಿ ನಿಂತ ಮೇಲೆ ಬಿಡುವುದೇ ಸರಿ, ತೂಬಿನ ಬಾಯಿಗೆ ಮಾತ್ರ ಜಾಲರಿ ಇರಲಿ.

ಅನುಮಾನವಿರುವ ಕೆರೆಯಾದರೆ, ಊರ ಕೊಳಚೆ ಸೇರುವಂಥದ್ದಾದರೆ ಮುಖ್ಯವಾಗಿ, ಒಂದು ದಿನ ಮೊದಲು ನೂರು ಮರಿಯನ್ನು ಕೆರೆಯಲ್ಲೇ ಹಾಪ ಕಟ್ಟಿ ಇಟ್ಟು ನೋಡಿ. ಮರುದಿನ ಐದಕ್ಕಿಂತ ಹೆಚ್ಚು ಸತ್ತಿದ್ದರೆ ಲಾರಿ ತರಿಸಬೇಡಿ.

ಬೆಳಿಗ್ಗೆ ಬಿಸಿಲೇರುವ ಮುನ್ನ ಅಥವಾ ಸಂಜೆ ಬಿಡಿ. ಚೀಲಕ್ಕೆ ತುಂಬುವ ಮೊದಲೇ ಹತ್ತು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ ಮರಿಗಳನ್ನು ಎರಡು ನಿಮಿಷ ಅದ್ದಿದರೆ ಮೈಮೇಲಿನ ಪರೋಪಜೀವಿ ಉದುರುತ್ತವೆ. ಮರಿ ಅಡ್ಡ ಮಗುಚಿದರೆ ತಕ್ಷಣ ತೆಗೆಯಿರಿ. ಚೀಲವನ್ನು ಬಿಚ್ಚದೆ ಕೆರೆನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಕೆರೆನೀರನ್ನು ಬೊಗಸೆಯಂತೆ ಸ್ವಲ್ಪ ಸ್ವಲ್ಪ ಬೆರೆಸಿ, ಚೀಲ ವಾಲಿಸಿ ಹಿಡಿಯಿರಿ. ಮರಿ ತಾನಾಗಿ ಈಜಿ ಹೋಗಲಿ, ಎತ್ತಿ ಸುರಿಯಬೇಡಿ. ಎಲ್ಲವನ್ನೂ ಒಂದೇ ದಡದಲ್ಲಿ ಬಿಡದೆ ಮೂರ್ನಾಲ್ಕು ಕಡೆ ಹಂಚಿ, ಇಲ್ಲದಿದ್ದರೆ ನೀರುಕಾಗೆ, ಕೊಕ್ಕರೆಗಳು ಆ ದಡಕ್ಕೇ ಸಾಲುಗಟ್ಟುತ್ತವೆ.

ಬಿಟ್ಟ ಮೇಲೆ ಮೂರು ತಿಂಗಳು ಕೆರೆಯಲ್ಲಿ ಸಣ್ಣ ಕಣ್ಣಿನ ಬೀಸುಬಲೆ ಹಾಕಗೊಡಬೇಡಿ. ಜಿಲೇಬಿ ಮೀನು ಹಿಡಿಯುವ ನೆಪದಲ್ಲಿ ಗೆಂಡೆ ಮರಿಯೂ ಬುಟ್ಟಿ ಸೇರುತ್ತದೆ. ಕೊರವ, ಬಾಳೆ ಹಿಡಿಯಲು ಗಾಳ ಹಾಕುವವರಿದ್ದರೆ ಮಾತ್ರ ತಡೆಯಬೇಡಿ.